ಸಾಫ್ಟ್‌ನರ್ ಕೊಳ್ಳುವ ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ

ಪ್ರಶ್ನೆ: ಬೆಂಗಳೂರಿನ ಮಹದೇವಪುರ ವಲಯದ ಬಡಾವಣೆಯೊಂದರಲ್ಲಿ 30–40ರ ಸೈಟಿನಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಮನೆಯಲ್ಲಿ ಐದು ಜನ. ಮೊದಲಿನಿಂದಲೂ ಬೋರ್‌ವೆಲ್ ನೀರು. ಈಚೆಗೆ ಕಾವೇರಿ ಸಂಪರ್ಕ ಸಿಕ್ಕಿದೆ, ವಾರಕ್ಕೆರಡು ದಿನ ಬಿಡುತ್ತಾರೆ. ಎರಡೂ ನೀರು ಒಂದೇ ಸಂಪಿಗೆ ಬೀಳುತ್ತದೆ. ನಲ್ಲಿ, ಷವರ್ ಎಲ್ಲ ಉಪ್ಪು ಕಟ್ಟಿ ಬೆಳ್ಳಗಾಗಿವೆ. ಗೀಸರ್ ಕಾಯಿಲ್ ಎರಡು ಸಲ ಸುಟ್ಟುಹೋಯಿತು. ಎಷ್ಟು ಸೀಟಿ ಕೂಗಿಸಿದರೂ ಬೇಳೆ ಬೇಯುವುದಿಲ್ಲ. ಮಗಳಿಗೆ ಕೂದಲು ಉದುರುತ್ತಿದೆ. ಅತ್ತೆಯವರಿಗೆ ಬಿಪಿ ಇದೆ. ನಮ್ಮ ಯಜಮಾನರಿಗೆ ಹಿಂದೊಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಗಡಸು ನೀರನ್ನು ಮೆದು ಮಾಡುವ ಯಂತ್ರ, ಸಾಫ್ಟ್‌ನರ್ ಮಾರುವವರು ಬಂದು ನೀರಿಗೆ ಮೀಟರ್ ಅದ್ದಿ, ‘ಟಿಡಿಎಸ್ 900 ಇದೆ, ಇಡೀ ಮನೆಗೆ ಹಾಕಿಸಿಬಿಡಿ, ಕಡಿಮೆಯಾಗುತ್ತೆ’ ಎಂದರು. ಹಾಕಿಸಬಹುದೇ? ಆ ನೀರನ್ನು ಕುಡಿಯಬಹುದೇ?

ಉತ್ತರ: ಈಗಲೇ ಹಾಕಿಸಬೇಡಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸುಟ್ಟ ಕಾಯಿಲ್ ಅಲ್ಲ, ಬೇಯದ ಬೇಳೆಯೂ ಅಲ್ಲ. ‘ಎರಡೂ ನೀರು ಒಂದೇ ಸಂಪಿಗೆ ಬೀಳುತ್ತದೆ’ ಎಂಬ ಮಾತು. ನಿಮ್ಮ ತೊಂದರೆಯ ಬಹುಪಾಲು ಅಲ್ಲಿದೆ, ಪರಿಹಾರವೂ ಅಲ್ಲೇ ಇದೆ. ಅದಕ್ಕೆ ಬರುವ ಮೊದಲು ಆ ಮೀಟರಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಈ ಊರಿನಲ್ಲಿ ಅತಿ ಹೆಚ್ಚು ಜನ ಮೋಸಹೋಗುವುದು ಅಲ್ಲಿ.

ಪೆನ್ನಿನಂಥ ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಮೊತ್ತವನ್ನು, ಅಂದರೆ ಟಿಡಿಎಸ್ ಅನ್ನು, ಅಂದಾಜು ಮಾಡಿ ತೋರಿಸುತ್ತದೆ. ಆ ಮೊತ್ತದಲ್ಲಿ ಅಡುಗೆ ಉಪ್ಪಿನ ಸೋಡಿಯಂ ಎಷ್ಟು, ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಷ್ಟು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಟಿಡಿಎಸ್ 900 ಇರುವ ಎರಡು ಬೋರ್‌ವೆಲ್‌ಗಳಲ್ಲಿ ಒಂದರ ಗಡಸುತನ 250, ಇನ್ನೊಂದರದು 600 ಇರಬಹುದು. ಇನ್ನು ‘ಸಾಫ್ಟ್‌ನರ್ ಹಾಕಿದರೆ ಟಿಡಿಎಸ್ ಕಡಿಮೆಯಾಗುತ್ತೆ’ ಎಂಬ ಮಾತು ಶುದ್ಧ ತಪ್ಪು. ಸಾಫ್ಟ್‌ನರ್ ಲವಣವನ್ನು ತೆಗೆಯುವುದಿಲ್ಲ, ಅದಲುಬದಲು ಮಾಡುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸಾಫ್ಟ್‌ನರ್ ಆದಮೇಲೆ ಅದೇ ಮೀಟರ್ ಅದ್ದಿದರೆ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತದೆ, ಒಂದಿಷ್ಟು ಜಾಸ್ತಿಯೂ ಬರಬಹುದು. ಇದು ಗೊತ್ತಿಲ್ಲದ ಮಾರಾಟಗಾರರ ಕೈಯಲ್ಲಿ ನಿಮ್ಮ ಮನೆಯ ಪೈಪುಗಳನ್ನು ಕೊಡಬೇಡಿ.

ಹಾಗಾದರೆ ಏನನ್ನು ಅಳೆಯಬೇಕು? ‘ಒಟ್ಟು ಗಡಸುತನ’. ಇದನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಸಾಧಾರಣವಾಗಿ 60ರ ಒಳಗಿದ್ದರೆ ಮೆದು ನೀರು, 180 ದಾಟಿದರೆ ತುಂಬ ಗಡಸು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಪ್ರಕಾರ 200 ಮಿ.ಗ್ರಾಂ.ವರೆಗೆ ಇದ್ದರೆ ಸರಿ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಕ್ವೇರಿಯಂ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಹನಿ ಹಾಕಿ ಎಣಿಸುವ ಗಡಸುತನದ ಕಿಟ್ ಸಿಗುತ್ತದೆ. ಬಣ್ಣ ತಿರುಗುವವರೆಗೆ ಎಷ್ಟು ಹನಿ ಬೇಕಾಯಿತು ಎನ್ನುವುದರಿಂದ ಅಂಕಿ ತಿಳಿಯುತ್ತದೆ. ಮನೆಬಳಕೆಗೆ ಅಷ್ಟು ಸಾಕು. ಆದರೂ ಒಂದು ಸಲ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಬೋರ್ ನೀರನ್ನು ಕೊಟ್ಟು ಗಡಸುತನದ ಜೊತೆಗೆ ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಮಾಡಿಸಿ. ಗಡಸುತನ ನಲ್ಲಿಯ ಮೇಲೆ ಬೆಳ್ಳಗೆ ಕೂತು ತಾನಿದ್ದೇನೆಂದು ತೋರಿಸಿಕೊಳ್ಳುತ್ತದೆ. ನೈಟ್ರೇಟಿಗೆ ಬಣ್ಣವಿಲ್ಲ, ರುಚಿಯಿಲ್ಲ, ಕಲೆಯಿಲ್ಲ. ಒಳಚರಂಡಿ ಸೋರಿ ಅಂತರ್ಜಲಕ್ಕೆ ಇಳಿಯುವ ಬಡಾವಣೆಗಳಲ್ಲಿ ನಾನು ಹೆಚ್ಚು ಹೆದರುವುದು ಅದಕ್ಕೆ. ಅದರ ಮಿತಿ ಲೀಟರಿಗೆ 45 ಮಿ.ಗ್ರಾಂ., ಬೇರೆ ಮೂಲ ಇಲ್ಲವೆಂದು ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಕುದಿಸಿದರೂ ಅದು ಹೋಗುವುದಿಲ್ಲ.

ಬೆಂಗಳೂರಿನ ನೆಲದಲ್ಲಿ ಸುಣ್ಣದಕಲ್ಲಿನ ಗಣಿಗಳಿಲ್ಲ, ಇಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಮತ್ತೆ ಸುಣ್ಣ ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರುಗಳು, ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಯೊಳಗಿನ ಫೆಲ್ಡ್‌ಸ್ಪಾರ್, ಹಾರ್ನ್‌ಬ್ಲೆಂಡ್‌ನಂಥ ಖನಿಜಗಳನ್ನು ನಿಧಾನವಾಗಿ ತಿಂದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಬಿರುಕುಗಳಲ್ಲಿ ನೀರು ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಹೆಚ್ಚು ಕರಗುತ್ತದೆ. ಸಾವಿರ ಅಡಿ ಮೀರಿ ಕೊರೆದ ಬೋರ್‌ವೆಲ್‌ನಿಂದ ನಾವು ಎತ್ತುತ್ತಿರುವುದು ಹಾಗೆ ಬಹುಕಾಲ ಕಲ್ಲಿನ ಸಂದಿಯಲ್ಲಿ ಕೂತಿದ್ದ ನೀರನ್ನು. ಕೆರೆ ಮುಚ್ಚಿ, ಅಂಗಳಕ್ಕೆಲ್ಲ ಸಿಮೆಂಟ್ ಹಾಕಿ, ಹೊಸ ಮಳೆನೀರು ಇಳಿಯದ ಹಾಗೆ ಮಾಡಿದ್ದರಿಂದ ಅದಕ್ಕೆ ಹೊಸನೀರಿನ ಬೆರಕೆಯೂ ಸಿಗುವುದಿಲ್ಲ. ಪಕ್ಕದ ರಸ್ತೆಯ ಬೋರಿಗೂ ನಿಮ್ಮ ಬೋರಿಗೂ ಅಂಕಿ ಬೇರೆ ಬರುವುದಕ್ಕೆ ಬಿರುಕುಗಳ ದಾರಿ ಬೇರೆಬೇರೆ ಇರುವುದೇ ಕಾರಣ. ಟ್ಯಾಂಕರ್ ನೀರು ಕೂಡ ಯಾವುದೋ ಬೋರಿನದೇ. ಅದರ ಗಡಸುತನ ಇವತ್ತೊಂದು, ನಾಳೆಯೊಂದು.

ಕಾವೇರಿ ನೀರಿನ ಗುಣವೇ ಬೇರೆ. ಅದು ಮೇಲ್ಮೈ ನೀರು. ಮಳೆಯಾಗಿ ಬಿದ್ದು ನದಿಯಾಗಿ ಹರಿದು ಬರುವುದರೊಳಗೆ ಕಲ್ಲಿನ ಸಹವಾಸ ಕಡಿಮೆ. ಅದರ ಗಡಸುತನ ಸಾಮಾನ್ಯವಾಗಿ 200ರ ಒಳಗೇ ಇರುತ್ತದೆ. 1974ರಲ್ಲಿ ಮೊದಲ ಹಂತದ ಕಾವೇರಿ ಬಂದಾಗಿನಿಂದ ನಗರದ ಹಳೆಯ ಬಡಾವಣೆಗಳು ಇದೇ ನೀರಿನಲ್ಲಿ ಬೆಳೆದವು. ನಿಮ್ಮ ಕಡೆಯವೂ ಸೇರಿದಂತೆ ನಗರಕ್ಕೆ ಸೇರಿಕೊಂಡ ಹೊರವಲಯದ 110 ಹಳ್ಳಿಗಳಿಗೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ನೀರು ಅದು. ಅದನ್ನು ತಂದು ಬೋರ್ ನೀರಿರುವ ಸಂಪಿಗೆ ಸುರಿಯುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬೆರಕೆಯ ಲೆಕ್ಕ ಸುಲಭ. ಕಾವೇರಿಯ ಗಡಸುತನ 120, ಬೋರಿನದು 600 ಎಂದಿಟ್ಟುಕೊಳ್ಳಿ. ಅರ್ಧಕ್ಕರ್ಧ ಬೆರೆತರೆ 360. ಅಂದರೆ ಒಳ್ಳೆಯ ನೀರೂ ಗಡಸಾಯಿತು, ಗಡಸು ನೀರೂ ಸರಿಹೋಗಲಿಲ್ಲ. ಕಾವೇರಿ ಬರುವ ಹಿಂದಿನ ದಿನ ಸಂಪು ಮುಕ್ಕಾಲು ತುಂಬಿದ್ದರಂತೂ ನಿಮಗೆ ಕಾವೇರಿ ಬಂದೂ ಬಾರದ ಹಾಗೆ. ಬೇಳೆ ಒಂದು ದಿನ ಬೆಂದು ಇನ್ನೊಂದು ದಿನ ಬೇಯದಿರುವುದು ನಿಮ್ಮ ಅನುಭವಕ್ಕೆ ಬಂದಿದ್ದರೆ ಅದಕ್ಕೆ ಇದೇ ಕಾರಣ.

ಈಗ ಇನ್ನೊಂದು ಲೆಕ್ಕ ಹಾಕೋಣ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 35 ಲೀಟರ್ ಸಾಕು. ಸ್ನಾನಕ್ಕೆ ತಲೆಗೆ 40 ಲೀಟರ್‌ನಂತೆ 200. ಎರಡೂ ಸೇರಿ 235. ವಾರಕ್ಕೆರಡು ಸಲ ಕಾವೇರಿ ಬರುವುದಾದರೆ ಹೆಚ್ಚೆಂದರೆ ನಾಲ್ಕು ದಿನ ತಳ್ಳಬೇಕು, ಅಂದರೆ 940 ಲೀಟರ್. ಒಂದು ಸಾವಿರ ಲೀಟರಿನ ಟ್ಯಾಂಕ್ ಪ್ರತ್ಯೇಕ ಇಟ್ಟರೆ ಅಡುಗೆಮನೆಯೂ ಬಚ್ಚಲುಮನೆಯೂ ಪೂರ್ತಿ ಕಾವೇರಿಯಲ್ಲಿ ನಡೆಯುತ್ತದೆ. ಕಕ್ಕಸಿಗೆ, ನೆಲ ಒರೆಸಲು, ಗಾಡಿ ತೊಳೆಯಲು, ಗಿಡಕ್ಕೆ ಬೋರ್ ನೀರು ಇರಲಿ. ಅಲ್ಲಿ ಗಡಸುತನದಿಂದ ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಇಡೀ ಮನೆಯ ನೀರನ್ನು ಯಂತ್ರದಿಂದ ತಿದ್ದುವುದಕ್ಕಿಂತ, ಯಾವ ಕೆಲಸಕ್ಕೆ ಯಾವ ನೀರು ಎಂದು ಬೇರ್ಪಡಿಸುವುದು ಅಗ್ಗ, ಶಾಶ್ವತ, ಮತ್ತು ಅದಕ್ಕೆ ತಿಂಗಳು ತಿಂಗಳು ಉಪ್ಪು ಹಾಕಬೇಕಿಲ್ಲ.

ಪ್ಲಂಬರ್‌ಗೆ ಹೀಗೆ ಹೇಳಿ. ಕಾವೇರಿಯ ಪೈಪು ಮೀಟರ್ ದಾಟಿ ಈಗ ಸಂಪಿಗೆ ಇಳಿಯುವ ಕಡೆ ತಿರುಗಿಸಿ ನೆಲಮಟ್ಟದಲ್ಲಿ ಇಟ್ಟ ಒಂದು ಟ್ಯಾಂಕಿಗೆ ಬಿಡಬೇಕು, ತುಂಬಿದಮೇಲೆ ತಾನೇ ನಿಲ್ಲುವಂತೆ ಫ್ಲೋಟ್ ವಾಲ್ವ್ ಇರಬೇಕು. ಒತ್ತಡ ಕಡಿಮೆಯಿದ್ದರೆ ಸಂಪಿನ ಪಕ್ಕ ಸಣ್ಣದೊಂದು ಗುಂಡಿಯಲ್ಲೇ ಟ್ಯಾಂಕ್ ಇಡಬೇಕಾದೀತು. ಅಲ್ಲಿಂದ ಚಿಕ್ಕ ಮೋಟಾರಿನಲ್ಲಿ ತಾರಸಿಯ ಎರಡನೇ ಟ್ಯಾಂಕಿಗೆ. ಆ ಟ್ಯಾಂಕಿನಿಂದ ಅಡುಗೆಮನೆಯ ನಲ್ಲಿಗೆ ಒಂದು ಪೈಪು, ಬಚ್ಚಲಿಗೆ ಒಂದು ಪೈಪು. ಜಲಮಂಡಳಿಯ ಕೊಳವೆಗೇ ನೇರವಾಗಿ ಮೋಟಾರ್ ಕಟ್ಟಿ ಎಳೆಯುವ ಕೆಲಸ ಮಾತ್ರ ಬೇಡ; ಅದು ಕಾನೂನುಬಾಹಿರ, ಜೊತೆಗೆ ಕೊಳವೆಯಲ್ಲಿ ಎಲ್ಲಾದರೂ ಬಿರುಕಿದ್ದರೆ ಸುತ್ತಲಿನ ಚರಂಡಿ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಬಚ್ಚಲಿನ ವಿಷಯದಲ್ಲಿ ಪ್ಲಂಬರ್‌ಗಳು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿ ಇದೆ. ಗೀಸರ್‌ಗೆ ಕಾವೇರಿ, ತಣ್ಣೀರಿನ ನಲ್ಲಿಗೆ ಬೋರ್ ಎಂದು ಕೊಟ್ಟುಬಿಟ್ಟರೆ ಎರಡೂ ಮಿಕ್ಸರ್‌ನಲ್ಲಿ ಸಂಧಿಸುತ್ತವೆ. ಎರಡು ಟ್ಯಾಂಕುಗಳ ಮಟ್ಟ ಒಂದೇ ಇರುವುದಿಲ್ಲ. ಮಿಕ್ಸರ್‌ನ ಒಳಗೇ ಒಂದು ಕಡೆಯ ನೀರು ಇನ್ನೊಂದು ಕಡೆಗೆ ನುಗ್ಗಿ, ಬೋರ್ ನೀರು ನಿಧಾನವಾಗಿ ಗೀಸರ್ ಮೂಲಕ ಕಾವೇರಿ ಟ್ಯಾಂಕಿಗೇ ಏರಿಬಿಡಬಹುದು. ಆದ್ದರಿಂದ ಬಚ್ಚಲಿನ ಬಿಸಿ, ತಣ್ಣೀರು ಎರಡನ್ನೂ ಕಾವೇರಿಯಿಂದಲೇ ಕೊಡಿಸಿ, ಗೀಸರ್‌ನ ಒಳಹರಿವಿಗೆ ನೀರು ಹಿಂದಕ್ಕೆ ಹೋಗದಂತೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಗೀಸರ್‌ನಲ್ಲಿರುವ ಹೆಚ್ಚಿನ ಒತ್ತಡ ಬಿಡುವ ವಾಲ್ವನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಅದರ ಬಾಯಿ ಸುಣ್ಣ ಕಟ್ಟಿದೆಯೇ ಎಂದು ಆಗಾಗ ನೋಡಿಸಿ.

ಕಾಯಿಲ್ ಏಕೆ ಸುಡುತ್ತದೆ ಎನ್ನುವುದು ಇಲ್ಲೇ ಬರುತ್ತದೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗಿರುತ್ತದೆ. ಬಿಸಿಯಾದಾಗ ಅದು ಒಡೆದು ಗಾಳಿಯಾಗಿ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲ್‌ನ ಮೈ. ಹಾಗಾಗಿ ಅದು ಮೊದಲು ಅಲ್ಲೇ ಕೂರುತ್ತದೆ. ಸುಣ್ಣದ ಪದರ ಶಾಖವನ್ನು ಸರಾಗವಾಗಿ ದಾಟಿಸುವುದಿಲ್ಲ. ಒಳಗಿನ ತಂತಿ ತನ್ನ ಶಾಖವನ್ನು ನೀರಿಗೆ ಬಿಡಲಾಗದೆ ಮಿತಿಮೀರಿ ಕಾದು ಕೊನೆಗೆ ಕತ್ತರಿಸಿಹೋಗುತ್ತದೆ. ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಎಂದು ಮಾರಾಟಗಾರರು ಹೇಳುವುದುಂಟು. ಎಲೆಕ್ಟ್ರಿಕ್ ಗೀಸರ್‌ಗೆ ಆ ಮಾತು ಹೊಂದುವುದಿಲ್ಲ, ಏಕೆಂದರೆ ಕಾಯಿಲ್ ನೀರಿನೊಳಗೇ ಮುಳುಗಿರುತ್ತದೆ, ಶಾಖ ತಡವಾಗಿಯಾದರೂ ನೀರಿಗೇ ಸೇರಬೇಕು. ನಷ್ಟವಾಗುವುದು ಕಾಯಿಲ್‌ನ ಆಯುಸ್ಸು, ಟ್ಯಾಂಕಿನ ಜಾಗ, ನಿಮ್ಮ ಬೆಳಗಿನ ಹೊತ್ತು. ಗ್ಯಾಸ್ ಗೀಸರ್‌ನಲ್ಲಿ ಮಾತ್ರ ಶಾಖ ಹೊಗೆಯ ಜೊತೆ ಹೊರಗೆ ಹೋಗುವುದರಿಂದ ಇಂಧನ ನಿಜಕ್ಕೂ ಪೋಲಾಗುತ್ತದೆ.

ಗೀಸರ್‌ನ ಬಿಸಿಯನ್ನು ಕೊನೆಯ ಗುರುತಿಗೆ ಏರಿಸಿದ್ದರೆ 50–55 ಡಿಗ್ರಿಗೆ ಇಳಿಸಿ. ಸುಣ್ಣ ಕಟ್ಟುವ ವೇಗ ಅಲ್ಲೇ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ತಳ ಬಿಚ್ಚಿಸಿ ಸುಣ್ಣ ತೆಗೆಸುವಾಗ ಒಳಗಿನ ಆ್ಯನೋಡ್ ರಾಡ್ ಕೂಡ ನೋಡಿಸಿ. ತೊಟ್ಟಿ ತುಕ್ಕು ಹಿಡಿಯದಂತೆ ತಾನು ಸವೆಯುವುದಕ್ಕೆಂದೇ ಇರುವ ಸರಳು ಅದು; ಪೂರ್ತಿ ಸವೆದಿದ್ದರೆ ಬದಲಾಯಿಸಲೇಬೇಕು. ಸೋಲಾರ್ ಇದ್ದರೆ ಸಂಪರ್ಕದ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ. ಚಪ್ಪಟೆ ಫಲಕದ ಸೋಲಾರ್‌ನಲ್ಲಿ ತಾಮ್ರದ ಸಣ್ಣ ಕೊಳವೆಗಳು ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತವೆ. ಗಾಜಿನ ಕೊಳವೆಯವು ಅಷ್ಟು ಬೇಗ ಕಟ್ಟುವುದಿಲ್ಲ.

ಮಗಳ ಕೂದಲಿನ ವಿಷಯದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಬಾಚಣಿಗೆಗೆ ಬಂದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗಂಟಿದ್ದರೆ ಅದು ಬುಡದಿಂದ ಉದುರಿದ್ದು. ರಕ್ತಹೀನತೆ, ಥೈರಾಯ್ಡ್, ಹಿಂದೆ ಬಂದು ಹೋದ ದೊಡ್ಡ ಜ್ವರ, ಊಟ ಬಿಟ್ಟು ತೂಕ ಇಳಿಸಿದ್ದು, ಇಂಥವು ಅದಕ್ಕೆ ಕಾರಣ. ನೀರನ್ನು ದೂರುತ್ತ ಕೂರದೆ ವೈದ್ಯರ ಬಳಿ ಕರೆದುಕೊಂಡು ಹೋಗಿ, ಹಿಮೋಗ್ಲೋಬಿನ್ ನೋಡಿಸಿ. ಗಂಟಿಲ್ಲದ ತುಂಡು ಕೂದಲಾಗಿದ್ದರೆ ಅದು ಮಧ್ಯದಲ್ಲಿ ಮುರಿದದ್ದು, ಅದರಲ್ಲಿ ಗಡಸು ನೀರಿನ ಪಾಲಿರಬಹುದು.

ಸಾಬೂನು ಎಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ ಸಿಕ್ಕ ಕೂಡಲೇ ಅದು ಕ್ಯಾಲ್ಸಿಯಂ ಲವಣವಾಗಿ, ಕರಗದ ಅಂಟು ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬೂದುಬಣ್ಣದ ಪಟ್ಟಿ ಅದೇ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ಗಸಿಯಾಗಿ ಮುಗಿದ ಮೇಲಷ್ಟೇ ನೊರೆ ಬರಲು ಶುರು. ಆ ಗಸಿ ಕೂದಲ ಮೇಲೂ, ಚರ್ಮದ ಮೇಲೂ, ಬಿಳಿ ಬಟ್ಟೆಯ ಎಳೆಗಳ ಸಂದಿಯಲ್ಲೂ ಕೂರುತ್ತದೆ. ಕೂದಲು ಒರಟಾಗಿ ಸಿಕ್ಕು ಹಿಡಿಯುತ್ತದೆ, ಎಳೆದು ಬಾಚಿದಾಗ ಮುರಿಯುತ್ತದೆ. ನಮ್ಮ ಹಿರಿಯರು ತಲೆಗೆ ಹಚ್ಚುತ್ತಿದ್ದ ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಬರಿಸುವುದು ಸಪೋನಿನ್ ಎಂಬ ಬೇರೆಯದೇ ವಸ್ತು; ಅದು ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಕಟ್ಟುವುದಿಲ್ಲ. ಬಾವಿಯ ಗಡಸು ನೀರಿನಲ್ಲೂ ಉದ್ದ ಕೂದಲು ತೊಳೆಯಲು ಅವರಿಗೆ ಸಾಧ್ಯವಾದದ್ದು ಹಾಗೆ. ಈಗಿನ ಶಾಂಪೂಗಳೂ ಸಾಬೂನಲ್ಲ, ಅವೂ ಗಡಸು ನೀರನ್ನು ತಾಳುತ್ತವೆ. ತಲೆಗೆ ಮೈಸಾಬೂನು ಹಚ್ಚುವುದನ್ನು ಬಿಡಿಸಿ, ಕೊನೆಯ ನಾಲ್ಕು ಚೊಂಬನ್ನು ಕಾವೇರಿ ನೀರಿನಲ್ಲಿ ಹಾಕಿಕೊಳ್ಳಲು ಹೇಳಿ. ಟ್ಯಾಂಕ್ ಕೆಲಸ ಮುಗಿಯುವವರೆಗೆ ಒಂದು ಬಕೆಟ್ ಕಾವೇರಿ ಹಿಡಿದಿಟ್ಟರೂ ಆಯಿತು.

ಚರ್ಮದ ವಿಷಯದಲ್ಲಿ ಅತಿ ಆಸೆ ಹುಟ್ಟಿಸುವ ಜಾಹೀರಾತುಗಳಿವೆ. ಇಂಗ್ಲೆಂಡಿನಲ್ಲಿ ಇಸುಬು ಇರುವ 336 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳ ಮನೆಗೆ 12 ವಾರ ಸಾಫ್ಟ್‌ನರ್ ಹಾಕಿ ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ಇಸುಬಿನ ತೀವ್ರತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ನಾನದ ನಂತರ ಚರ್ಮ ಬಿಗಿಯುವುದು, ಒಣಗುವುದು ಸಾಬೂನಿನ ಗಸಿಯಿಂದ ಆಗಬಹುದು. ಸಾಬೂನು ಕಡಿಮೆ ಹಚ್ಚಿ, ಮೈ ಹಸಿಯಿರುವಾಗಲೇ ತುಸು ಕೊಬ್ಬರಿ ಎಣ್ಣೆ ಸವರಿಕೊಂಡರೆ ಅದಕ್ಕೆ ಸಾಕು. ಚರ್ಮರೋಗಕ್ಕೆ ಮದ್ದೆಂದು ಯಾರೂ ಸಾಫ್ಟ್‌ನರ್ ಕೊಳ್ಳಬಾರದು.

ಬೇಳೆಗೆ ಬರೋಣ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಬೇಯುವಾಗ ಅದು ಕರಗಬೇಕು. ಕ್ಯಾಲ್ಸಿಯಂ ಸಿಕ್ಕರೆ ಅದು ಕರಗದೆ ಇನ್ನಷ್ಟು ಗಟ್ಟಿಯಾಗುತ್ತದೆ, ಹಳೆಯ ದಾಸ್ತಾನಿನ ತೊಗರಿಬೇಳೆಯಾದರೆ ಕೇಳುವುದೇ ಬೇಡ. ಸೀಟಿ ಹೆಚ್ಚಿಸಿ ಫಲವಿಲ್ಲ. ನೆನೆಹಾಕುವ ನೀರು, ಬೇಯಿಸುವ ನೀರು ಎರಡೂ ಕಾವೇರಿಯದಾಗಿರಲಿ. ಹುಣಸೆಹಣ್ಣು, ಟೊಮೆಟೊ ಬೇಳೆ ಬೆಂದಮೇಲೆ ಬೀಳಲಿ, ಹುಳಿಯೂ ಬೇಯುವುದನ್ನು ತಡೆಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಕಾಳಿನಲ್ಲಿರುವ ಥಯಮಿನ್ ಎಂಬ ಬಿ ಜೀವಸತ್ವ ನಾಶವಾಗುತ್ತದೆ. ದಿನನಿತ್ಯದ ಅಭ್ಯಾಸ ಬೇಡ. ಇಡ್ಲಿ ಪಾತ್ರೆಯ, ಕುಕ್ಕರ್‌ನ ತಳದ ನೀರಿಗೆ ಹಿಂಡಿದ ನಿಂಬೆಹೋಳು ಹಾಕುವುದನ್ನು ಮುಂದುವರಿಸಿ, ಅದರಿಂದ ತಳ ಕಪ್ಪಾಗುವುದೂ ತಪ್ಪುತ್ತದೆ, ಸುಣ್ಣವೂ ಕಟ್ಟುವುದಿಲ್ಲ.

ಯಜಮಾನರ ಕಿಡ್ನಿ ಕಲ್ಲಿಗೆ ಗಡಸು ನೀರೇ ಕಾರಣ ಎಂದು ಹೇಳಲು ಆಧಾರ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಹಾಕಿಲ್ಲ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್ ಆಗಿರುತ್ತವೆ ಎಂಬುದರಿಂದ ಜನ ಹೆದರುತ್ತಾರೆ. ಆದರೆ ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳಿಸುತ್ತದೆ. ಕಲ್ಲು ಮರುಕಳಿಸದಿರಲು ಮುಖ್ಯವಾದದ್ದು ಸಾಕಷ್ಟು ನೀರು ಕುಡಿಯುವುದು, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು. ರುಚಿಯಿಲ್ಲವೆಂದು ನೀರು ಕಡಿಮೆ ಕುಡಿಯುವುದೇ ಅವರಿಗೆ ಹೆಚ್ಚಿನ ಅಪಾಯ. ಕಾವೇರಿ ನೀರನ್ನು ಕಾಯಿಸಿ ಆರಿಸಿ ಕೊಡಿ; ಎಷ್ಟು ಕುಡಿಯಬೇಕು ಎಂಬುದನ್ನು ಅವರ ವೈದ್ಯರಿಂದಲೇ ಕೇಳಿ.

ನಿಜವಾದ ಎಚ್ಚರ ಬೇಕಾದದ್ದು ಅತ್ತೆಯವರ ವಿಷಯದಲ್ಲಿ, ಅದೂ ಸಾಫ್ಟ್‌ನರ್ ಹಾಕಿಸಿದರೆ. 100 ಮಿ.ಗ್ರಾಂ. ಗಡಸುತನ ತೆಗೆಯಲು ಸಾಫ್ಟ್‌ನರ್ ಸುಮಾರು 46 ಮಿ.ಗ್ರಾಂ. ಸೋಡಿಯಂ ಸೇರಿಸುತ್ತದೆ. 500 ಗಡಸುತನದ ನೀರು ಮೆದುವಾಗಿ ಬಂದಾಗ ಪ್ರತಿ ಲೀಟರಿನಲ್ಲೂ 230 ಮಿ.ಗ್ರಾಂ. ಹೆಚ್ಚುವರಿ ಸೋಡಿಯಂ ಇರುತ್ತದೆ. ಎರಡು ಲೀಟರ್ ಕುಡಿದರೆ 460 ಮಿ.ಗ್ರಾಂ. ಒಬ್ಬರಿಗೆ ಇಡೀ ದಿನಕ್ಕೆ 2,000 ಮಿ.ಗ್ರಾಂ. ಮೀರಬಾರದು ಎನ್ನುವಾಗ, ಬಿಪಿ ಇರುವವರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಸಾಫ್ಟ್‌ನರ್ ನೀರನ್ನು ಕುಡಿಯಬೇಡಿ, ಅಡುಗೆಗೂ ಬೇಡ. ನೈಟ್ರೇಟನ್ನಾಗಲಿ, ಫ್ಲೋರೈಡನ್ನಾಗಲಿ, ರೋಗಾಣುಗಳನ್ನಾಗಲಿ ಅದು ತೆಗೆಯುವುದೂ ಇಲ್ಲ.

ಇಡೀ ಮನೆಗೆ ಹಾಕಿಸಿದರೆ ಎಷ್ಟು ಉಪ್ಪು ಬೇಕು ಗೊತ್ತೇ? ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಡುವ ಸಣ್ಣ ಮಣಿಗಳಾದ ರೆಸಿನ್ 25 ಲೀಟರ್ ಇರುವ ಸಾಫ್ಟ್‌ನರ್ 500 ಗಡಸುತನದ ನೀರನ್ನು ಸುಮಾರು 2,500 ಲೀಟರ್ ಮೆದು ಮಾಡಿ ದಣಿಯುತ್ತದೆ. ಐದು ಜನರ ಮನೆಗೆ ಅದು ನಾಲ್ಕು ದಿನ. ಆಮೇಲೆ ಮೂರು-ನಾಲ್ಕು ಕಿಲೋ ಉಪ್ಪಿನ ನೀರು ಹರಿಸಿ ರೆಸಿನ್ ತೊಳೆಯಬೇಕು. ತಿಂಗಳಿಗೆ 20ರಿಂದ 30 ಕಿಲೋ ಉಪ್ಪು. ತೊಳೆದ ಉಪ್ಪುನೀರು ಚರಂಡಿ ಸೇರಿ ಕೊನೆಗೆ ಕೆರೆ ಸೇರುತ್ತದೆ. ಸಂಸ್ಕರಣಾ ಘಟಕಗಳು ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಒಂದು ರಸ್ತೆಯ ಎಲ್ಲ ಮನೆಗಳೂ ಹೀಗೆ ಮಾಡಿದರೆ ನಾವೇ ನಮ್ಮ ಅಂತರ್ಜಲಕ್ಕೆ ಉಪ್ಪು ಬೆರೆಸಿದಂತೆ. ರೆಸಿನ್ ತೊಳೆದ ಆ ಉಪ್ಪುನೀರನ್ನು ಗಿಡಗಳಿಗೆ, ಇಂಗುಗುಂಡಿಗೆ ಖಂಡಿತ ಬಿಡಬಾರದು. ಕಾವೇರಿ ಇನ್ನೂ ಬಾರದ, ಟ್ಯಾಂಕರ್ ನಂಬಿದ ಮನೆಗಳಿಗೆ ನಾನೂ ಸಾಫ್ಟ್‌ನರ್ ಹೇಳುತ್ತೇನೆ. ಆದರೆ ಗೀಸರ್, ಬಚ್ಚಲು, ವಾಷಿಂಗ್ ಮೆಷಿನ್ ಪೈಪಿಗೆ ಮಾತ್ರ. ನಿಮಗೆ ಅದರ ಅಗತ್ಯ ಬೀಳಲಾರದು.

ಪೈಪಿನ ಹೊರಗೆ ಸುತ್ತುವ ಅಯಸ್ಕಾಂತದ, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಹಣ ಹಾಕಬೇಡಿ. ಅವು ಗಡಸುತನವನ್ನು ತೆಗೆಯುವುದಿಲ್ಲ. ಆರ್‌ಒ ಗಡಸುತನ ತೆಗೆಯುವುದು ಹೌದು, ನೈಟ್ರೇಟ್ ಹೆಚ್ಚಿರುವ ಬೋರ್ ನೀರನ್ನೇ ಕುಡಿಯಬೇಕಾದವರಿಗೆ ಅದು ಬೇಕು. ಆದರೆ ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ಹೊರಗೆ ಬಿಡುತ್ತದೆ. ಕಾವೇರಿ ನೀರಿಗೆ ಆರ್‌ಒ ಹಾಕುವುದು ದುಂದು.

ನಿಮ್ಮಲ್ಲಿ ಇನ್ನೊಂದು ಮೆದು ನೀರಿದೆ, ನೀವು ಬರೆದಿಲ್ಲ. 2009ರ ಕಾನೂನಿನ ಪ್ರಕಾರ 30–40ರ ಸೈಟಿನಲ್ಲಿ ಕಟ್ಟುವ ಹೊಸ ಮನೆಗೆ ಮಳೆಕೊಯ್ಲು ಕಡ್ಡಾಯ, ಆದ್ದರಿಂದ ತಾರಸಿಯ ಪೈಪು ಈಗಾಗಲೇ ಇಂಗುಗುಂಡಿಗೆ ಇಳಿದಿರಬೇಕು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ 90 ಸಾವಿರ ಲೀಟರ್ ಬೀಳುತ್ತದೆ. ಸೋರಿ, ಆವಿಯಾಗಿ, ಮೊದಲ ಮಳೆಯ ಕೊಳೆನೀರನ್ನು ಬಿಟ್ಟರೂ 70 ಸಾವಿರ ಕೈಗೆ ಸಿಗುತ್ತದೆ. ಅದರಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಫಿಲ್ಟರ್ ಹಾಕಿಸಿ ಮೊದಲು ಬೋರ್ ಸಂಪಿಗೆ, ತುಂಬಿ ಉಳಿದದ್ದು ಇಂಗುಗುಂಡಿಗೆ ಹೋಗುವಂತೆ ತಿರುಗಿಸಿ. ಬೆರಕೆಯ ಲೆಕ್ಕ ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ: 600ರ ಬೋರ್ ನೀರು ಮಳೆಗಾಲದಲ್ಲಿ 300ಕ್ಕೆ ಇಳಿದರೆ ಬಟ್ಟೆ ಒಗೆಯಲು ಪುಡಿ ಕಡಿಮೆ ಸಾಕಾಗುತ್ತದೆ. ಹೇಗೆ ಜೋಡಿಸಬೇಕೆಂದು ಕಣ್ಣಾರೆ ನೋಡಬೇಕಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆಕೊಯ್ಲು ಪಾರ್ಕ್ ಇದೆ. ಪ್ಲಂಬರನ್ನೂ ಕರೆದುಕೊಂಡು ಹೋಗಿ.

ಈಗಾಗಲೇ ಕಟ್ಟಿರುವುದನ್ನು ತೆಗೆಯಲು ದಿನಸಿ ಅಂಗಡಿಯ ನಿಂಬೆ ಉಪ್ಪು ಸಾಕು. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಷವರಿನ ತಲೆಯನ್ನು ಬಿಚ್ಚಿ ಒಂದು ಗಂಟೆ ಮುಳುಗಿಸಿಡಿ. ನಲ್ಲಿಗೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಅರ್ಧ ಗಂಟೆಯ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ವಾಷಿಂಗ್ ಮೆಷಿನ್‌ಗೆ ನೂರು ಗ್ರಾಂ ಹಾಕಿ, ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿ. ಮಾರ್ಬಲ್ ನೆಲಕ್ಕೆ ಇದು ತಾಗಬಾರದು, ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ, ಹೊಳಪು ಹೋಗಿಬಿಡುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ನಲ್ಲಿಗಳಿಗೆ ಹಚ್ಚಬೇಡಿ, ಕ್ರೋಮ್ ಕಿತ್ತುಬರುತ್ತದೆ. ಆಸಿಡ್ಡಾಗಲಿ ನಿಂಬೆ ಉಪ್ಪಾಗಲಿ ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿ, ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.